ವಾಯಿದೆ ಕೇಳುತ್ತಿದ್ದ ವಕೀಲರು

ಕೆನಡಾಕ್ಕೆ ಹೋಗಿ ಬಂದೆ ಎಂದರೆ ಮಂಡ್ಯದಲ್ಲಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ, "ನಯಾಗರ ನೋಡಿದ್ರಾ?" ನೋಡಿದೆ. ನೀರು ಮೇಲಿಂದ ಕೆಳಕ್ಕೆ ಬೀಳುತ್ತದೆ. ನಮ್ಮ ಗಗನಚುಕ್ಕಿಯಲ್ಲೂ ಹಾಗೇ ಬೀಳುತ್ತದೆ, ಇಲ್ಲಿ ಕೆಂಪು ರೈನ್‌ಕೋಟು ತೊಡಿಸುವುದಿಲ್ಲ ಅಷ್ಟೇ. ನನ್ನ ಹತ್ತಿರ ಹೇಳಲು ಇರುವುದು ನಯಾಗರದ ಕಥೆಯಲ್ಲ, ಒಬ್ಬ ವಕೀಲರ ಕಥೆ. ಅವರು ಕೆನಡಾದವರಲ್ಲ, ದಕ್ಷಿಣ ಅಮೆರಿಕದ ಒಂದು ಪುಟ್ಟ ದೇಶದವರು. ತೀರಿಕೊಂಡು ಎಷ್ಟೋ ಕಾಲವಾಗಿದೆ. ನನಗೆ ಅವರ ಪರಿಚಯವಾದದ್ದು 2017ರ ಬೇಸಿಗೆಯಲ್ಲಿ, ಟೊರಾಂಟೋದ ಒಂದು ಬೇಸ್‌ಮೆಂಟಿನಲ್ಲಿ.

ನನ್ನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಮೂವತ್ತನಾಲ್ಕು ವರ್ಷ ಕೋರ್ಟಿನಲ್ಲಿ ದುಡಿದು ಶಿರಸ್ತೇದಾರ್ ಆಗಿ ನಿವೃತ್ತಳಾದವಳು ನಾನು. ಅದರಲ್ಲಿ ಬಹುಪಾಲು ಬೆಂಚ್ ಕ್ಲರ್ಕ್ ಕೆಲಸ. ಜಡ್ಜ್ ಸಾಹೇಬರ ಮುಂದೆ ಕೂತು ಕೇಸು ಕರೆಸುವುದು, ಮುಂದಿನ ತಾರೀಖು ಬರೆಯುವುದು. ಕೇಸು ಮುಂದಕ್ಕೆ ಹಾಕಿ ಎಂದು ವಾಯಿದೆ ಕೇಳುವ ವಕೀಲರನ್ನು ಕಂಡರೆ ನನಗೆ ಮೈಯೆಲ್ಲ ಉರಿ. ಕಕ್ಷಿಗಾರನಿಗೆ ಜ್ವರ, ಸೀನಿಯರ್ ಊರಲ್ಲಿಲ್ಲ, ಫೈಲು ಮನೆಯಲ್ಲಿ ಮರೆತೆ. ಕಳ್ಳನಿಗೊಂದು ಪಿಳ್ಳೆ ನೆವ. ಅಂಥ ನಾನು ಈಗ ಒಬ್ಬ ವಾಯಿದೆ ವಕೀಲರನ್ನು ಹೊಗಳಲು ಕೂತಿದ್ದೇನೆ.

ಇಳಿದ ದಿನ

ನನ್ನನ್ನು ಕರೆಸಿಕೊಂಡವಳು ಅಣ್ಣನ ಮಗಳು ಸಹನಾ. ಎಟೋಬಿಕೋಕ್ ಕಡೆಯ ಒಂದು ಕಾಲೇಜಿನಲ್ಲಿ ಸಪ್ಲೈ ಚೈನ್ ಎಂಬುದನ್ನು ಓದುತ್ತಾಳೆ, ವಾರಕ್ಕೆ ಮೂರು ದಿನ ವುಡ್‌ಬ್ರಿಡ್ಜಿನ ಬೇಕರಿ ಗೋಡೌನಿನಲ್ಲಿ ಕೆಲಸ ಮಾಡುತ್ತಾಳೆ. ಅವಳಿಗೆಂದು ನಾಲ್ಕು ಕೆಜಿ ರಾಗಿ ಹಿಟ್ಟು ತಂದಿದ್ದೆ.

ಕೋರ್ಟಿನಲ್ಲಿ ಸಾಕ್ಷಿಗಳಿಗೆ ನಾವು ಹೇಳಿಕೊಡುವುದು ಒಂದೇ ಮಾತು: ಕೇಳಿದ್ದಕ್ಕಷ್ಟೇ ಉತ್ತರ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ನಾನು ಅದನ್ನೇ ಪಾಲಿಸಿದೆ. ಇದು ಪೌಡರಾ ಎಂದರು ಅಧಿಕಾರಿ. ಹೌದು ಎಂದೆ. ಯಾವ ಪೌಡರು? ಕಂದು ಬಣ್ಣದ ಪೌಡರು ಎಂದೆ. ಯಾರಿಗಾಗಿ ತಂದಿದ್ದೀರಿ? ಕಾಲೇಜು ಓದುವ ಹುಡುಗಿಗೆ ಎಂದೆ. ಆಮೇಲೆ ನನ್ನನ್ನು ಬೇರೆ ಕೋಣೆಗೆ ಕರೆದುಕೊಂಡು ಹೋದರು. ನಾಯಿಯೊಂದು ಬಂದು ಹಿಟ್ಟನ್ನು ಮೂಸಿ ಸೀನಿತು. ಒಂದು ಗಂಟೆಯಾದ ಮೇಲೆ ಹೊರಗೆ ಬಿಟ್ಟರು.

"ಅಲ್ಲಾ ಅತ್ತೆ, ಫುಡ್ ಐಟಮ್ಮು, ಮುದ್ದೆ ಮಾಡಕ್ಕೆ ಅಂತ ಸ್ಟ್ರೈಟಾಗಿ ಹೇಳ್ಬಾರ್ದಿತ್ತಾ?" ಎಂದಳು ಸಹನಾ, ನಗು ತಡೆಯಲಾರದೆ.

"ಅವ್ರು ಕೇಳ್ನೇ ಇಲ್ವಲ್ಲ ಮಗ," ಎಂದೆ.

ಎಟೋಬಿಕೋಕ್: ಬಾವುಟದ ಮನೆ

ಸಹನಾ ಬಾಡಿಗೆಗಿದ್ದದ್ದು ಹಳೇ ಕಾಲದ ಒಂದು ಬಂಗಲೆಯ ಬೇಸ್‌ಮೆಂಟಿನಲ್ಲಿ. ಬೀದಿಯ ಮನೆಗಳೆಲ್ಲ ಒಂದೇ ಅಚ್ಚು, ಒಂದೇ ಹುಲ್ಲು. ಈ ಮನೆಯ ಮುಂದೆ ಮಾತ್ರ ಉದ್ದ ಬಿದಿರಿನ ಗಳುಗಳಿಗೆ ಕೆಂಪು ಹಳದಿ ಬಾವುಟ ಕಟ್ಟಿತ್ತು. ಹನುಮಪ್ಪನ ಗುಡಿಯ ಪಕ್ಕ ಮನೆ ಹಿಡಿದಿದ್ದಾಳೆ, ಒಳ್ಳೆಯದಾಯಿತು ಎಂದುಕೊಂಡೆ. ಗುಡಿ ಎಲ್ಲೂ ಇರಲಿಲ್ಲ. ಹನುಮಂತನ ಪೂಜೆ ಮಾಡಿದಾಗಲೆಲ್ಲ ಮನೆ ಮುಂದೆ ಹೀಗೆ ಬಾವುಟ ನೆಡುವುದು ಗಯಾನಾದವರ ಪದ್ಧತಿಯಂತೆ.

ಗಯಾನಾ ದಕ್ಷಿಣ ಅಮೆರಿಕದಲ್ಲಿದೆ. ಬ್ರಿಟಿಷರ ಕಾಲದಲ್ಲಿ ಅಲ್ಲಿನ ಕಬ್ಬಿನ ತೋಟಗಳಿಗೆ ನಮ್ಮ ದೇಶದಿಂದ ಹಡಗು ಹಡಗು ಜನರನ್ನು ಐದು ವರ್ಷದ ಕರಾರಿನ ಮೇಲೆ ಕೂಲಿಗೆ ಸಾಗಿಸಿದರು. ಹೆಚ್ಚಿನವರು ವಾಪಸು ಬರಲಿಲ್ಲ. ಅವರ ಮೊಮ್ಮಕ್ಕಳಲ್ಲಿ ಬಹಳ ಮಂದಿ ಈಗ ಟೊರಾಂಟೋ ಸುತ್ತಮುತ್ತ ಇದ್ದಾರೆ. ಸಹನಾಳ ಮನೆ ಯಜಮಾನತಿ ದುಲಾರಿ ಅಂಥವರಲ್ಲೊಬ್ಬರು. ಎಪ್ಪತ್ತೆಂಟು ವರ್ಷ, ಗಿಡ್ಡ ಆಳು, ಪ್ಯಾಂಟು ಅಂಗಿ, ಹಣೆಯಲ್ಲಿ ಸಿಂದೂರ. ಹಿತ್ತಲಲ್ಲಿ ಮೊಳದುದ್ದದ ಅಲಸಂದೆ, ಹಾಗಲಕಾಯಿ ಬೆಳೆದಿದ್ದರು. ಮಾತಾಡುವುದು ಇಂಗ್ಲಿಷ್, ಆದರೆ ನಾವು ಓದಿದ ಇಂಗ್ಲಿಷಲ್ಲ. ಮೊದಲೆರಡು ದಿನ ಸಹನಾ ದುಭಾಷಿಯಾದಳು, ಮೂರನೇ ದಿನಕ್ಕೆ ಅವರ ಮಾತು ನನಗೂ ನನ್ನದು ಅವರಿಗೂ ಹಿಡಿಯಿತು. ಇಲ್ಲಿ ಅದನ್ನು ನಮ್ಮ ಮಾತಿಗೆ ತಿರುಗಿಸಿ ಬರೆಯುತ್ತಿದ್ದೇನೆ.

ಅವರ ಮನೆಯಲ್ಲಿ ಅಜ್ಜನಿಗೆ ಆಜಾ, ಅಜ್ಜಿಗೆ ಆಜಿ. ಕೇಳಿ ನನಗೆ ಆದ ಸಂತೋಷಕ್ಕೆ ಎರಡು ರೊಟ್ಟಿ ಹೆಚ್ಚು ತಿಂದೆ.

ಹಜಾರದ ಗೋಡೆಯ ಮೇಲೆ ಕೋಟು, ಬಿಗಿ ಕಾಲರು, ದಪ್ಪ ಮೀಸೆಯ ಒಬ್ಬರ ಫೋಟೋ ಇತ್ತು. ಮೀಸೆ ನೋಡಿದರೆ ಹುಲಿ, ಕಣ್ಣು ನೋಡಿದರೆ ತುಂಟ.

"ಅದು ನಮ್ಮ ಲಾಯರ್ ಆಜಾ," ಎಂದರು ದುಲಾರಿ. "ಕೂಲಿಯವನ ಮಗ. ಲಂಡನ್ನಿಗೆ ಹೋಗಿ ಲಾ ಓದಿ ಬಂದವರು. ಆಮೇಲೆ ಕಾನೂನು ಮಾಡೋ ಕೌನ್ಸಿಲ್ಲಿಗೆ ಗೆದ್ದರು. ಕೊನೇಲಿ ಮ್ಯಾಜಿಸ್ಟ್ರೇಟೂ ಆದರು."

"ಭಾಳ ದೊಡ್ಡವ್ರು ಹಂಗಾದ್ರೆ," ಎಂದೆ.

ದುಲಾರಿ ಮುಖ ಬಾಡಿತು. "ನಾನೂ ಹಾಗೇ ಅಂದ್ಕೊಂಡಿದ್ದೆ," ಎಂದರು.

ವಿಷಯ ಹೀಗೆ. ವುಡ್‌ಬ್ರಿಡ್ಜಿನಲ್ಲಿ ಗಯಾನಾದವರೆಲ್ಲ ಸೇರಿ ಒಂದು ಭವನ ಮಾಡಿಕೊಂಡಿದ್ದಾರೆ. ಅದರ ಒಂದು ಗೋಡೆಯ ಮೇಲೆ ತಮ್ಮ ಜನಕ್ಕಾಗಿ ಕಷ್ಟಪಟ್ಟ ಹಿರಿಯರ ಫೋಟೋ ತೂಗುಹಾಕಬೇಕೆಂದು ತೀರ್ಮಾನವಾಗಿತ್ತು. ಲಾಯರ್ ಆಜಾರ ಹೆಸರು ಬಂದಾಗ ಭವನದ ಅಧ್ಯಕ್ಷರು ಬೇಡವೆಂದರಂತೆ. ದುಲಾರಿಗೆ ಆಜಾ ತೊಡೆಯ ಮೇಲೆ ಕೂರಿಸಿಕೊಂಡದ್ದು ನೆನಪಿದೆ. ತಾನು ಸಾಯುವುದರೊಳಗೆ ಆ ಫೋಟೋ ಆ ಗೋಡೆಯ ಮೇಲೆ ಇರಬೇಕು ಎಂಬುದೊಂದೇ ಅವರ ಆಸೆ.

ಎರಡು ಬಸ್ಸು

ಭಾನುವಾರ ದುಲಾರಿ ಭವನದ ಅಡುಗೆಗೆಂದು ಬೆಳಗ್ಗೆಯೇ ಕಾರಿನಲ್ಲಿ ಹೋಗಿದ್ದರು. ನಾನೂ ಸಹನಾಳೂ ಎರಡು ಬಸ್ಸು ಹಿಡಿದು ಹಿಂದಿನಿಂದ ಹೋದೆವು. ಮಂಡ್ಯ ಬಸ್ಸಿನಲ್ಲಿ ನಿಂತು ಅಭ್ಯಾಸವಾದ ಕೈಗೆ ಮೊದಲು ಬೇಕಾಗುವುದು ಹಿಡಿದುಕೊಳ್ಳಲು ಏನಾದರೊಂದು. ಕಿಟಕಿಯುದ್ದಕ್ಕೂ ಒಂದು ಹಳದಿ ಹಗ್ಗ ಕಂಡಿತು, ಗಟ್ಟಿಯಾಗಿ ಹಿಡಿದುಕೊಂಡೆ. ಬಸ್ಸು ಪ್ರತಿ ಸ್ಟಾಪಿನಲ್ಲೂ ನಿಂತಿತು. ಯಾರೂ ಇಳಿಯಲಿಲ್ಲ. ನಾಲ್ಕನೇ ಸ್ಟಾಪಿನಲ್ಲಿ ಡ್ರೈವರು ಕನ್ನಡಿಯಲ್ಲಿ ನನ್ನನ್ನೇ ನೋಡಿದ.

"ಅತ್ತೆ, ಅದ್ನ ಬಿಡಿ. ಅದ್ನ ಎಳುದ್ರೆ ಸ್ಟಾಪ್ ರಿಕ್ವೆಸ್ಟ್ ಹೋಯ್ತದೆ."

ನಮ್ಮಲ್ಲಾದರೆ ಕಂಡಕ್ಟರು ನನ್ನ ವಂಶವನ್ನೆಲ್ಲ ಎತ್ತಿ ಆಡುತ್ತಿದ್ದ. ಇವನು ನಾವು ಇಳಿಯುವಾಗ ದಿನ ಚೆನ್ನಾಗಿರಲಿ ಎಂದ. ಇಳಿಯುವವರೆಲ್ಲ ಅವನಿಗೆ ಥ್ಯಾಂಕ್ಸ್ ಹೇಳುತ್ತಿದ್ದರು. ಬಸ್ಸು ಓಡಿಸಿದ್ದಕ್ಕೆ ಥ್ಯಾಂಕ್ಸ್ ಹೇಳುವ ಊರನ್ನು ನಾನು ಅದೇ ಮೊದಲು ನೋಡಿದ್ದು. ನಾನೂ ಹೇಳಿದೆ, ಜೊತೆಗೆ ಸಾರಿಯನ್ನೂ ಸೇರಿಸಿದೆ.

ಭವನ ಎಂದರೆ ಗೋಡೌನುಗಳ ಸಾಲಿನಲ್ಲಿ ಒಂದು ದೊಡ್ಡ ಶೆಡ್ಡು, ಪಕ್ಕದಲ್ಲಿ ಟೈಲ್ಸ್ ಕಾರ್ಖಾನೆ. ಒಳಗೆ ಕಾಲಿಟ್ಟರೆ ಗಂಟೆ, ಹಾರ್ಮೋನಿಯಂ, ಮಸಾಲೆಯ ಪರಿಮಳ. ಊಟ ಎಲೆಯ ಮೇಲೆ. ಬಾಳೆ ಎಲೆಯಲ್ಲ, ತಾವರೆ ಜಾತಿಯ ದುಂಡನೆಯ ಎಲೆ. ಅನ್ನದ ಸುತ್ತ ಏಳು ಬಗೆ ಪಲ್ಯ. ನಾನು ಕೈಯಲ್ಲಿ ಕಲಸಿ ಉಣ್ಣುವ ವೇಗ ನೋಡಿ ಬಡಿಸುವ ಹೆಂಗಸರು ಎರಡೆರಡು ಸಲ ನನ್ನ ಮುಂದೆಯೇ ಬಂದು ನಿಂತರು.

ಅಧ್ಯಕ್ಷರು ಬಿಸ್ರಾಮ್ ಮೇಷ್ಟ್ರು, ನಿವೃತ್ತ ಶಾಲಾ ಮಾಸ್ತರರು. ಕಡ್ಡಿಯಂಥ ಮನುಷ್ಯ, ಅದಕ್ಕಿಂತ ನೆಟ್ಟಗಿನ ಮಾತು. ಊಟವಾದ ಮೇಲೆ ದುಲಾರಿ ಎದುರಿಗೇ ನನಗೆ ಹೇಳಿದರು.

"ನೋಡಿ, ಇವರ ಆಜಾ ಮೇಲೆ ನನಗೆ ದ್ವೇಷ ಇಲ್ಲ. ನಮ್ಮ ಆಜಾ ಅವರ ಕಕ್ಷಿಗಾರ. ಮೂರು ದಿನ ಕೆಲಸಕ್ಕೆ ಹೋಗಲಿಲ್ಲ ಅಂತ ತೋಟದ ಮ್ಯಾನೇಜರು ಕೇಸು ಹಾಕಿದ. ನಮ್ಮ ಆಜಾ ನಾಲ್ಕು ಸಲ ಬಿಸಿಲಲ್ಲಿ ಮೈಲಿಗಟ್ಟಲೆ ನಡೆದು ಕೋರ್ಟಿಗೆ ಹೋದ. ನಾಲ್ಕು ಸಲವೂ ಲಾಯರ್ ಸಾಹೇಬರು ಬಾಯಿ ಬಿಟ್ಟು ಒಂದು ವಾದ ಮಾಡಲಿಲ್ಲ. ಮೂರು ಸಲ ಎದ್ದು ನಿಂತರು, ವಾಯಿದೆ ಕೇಳಿದರು, ಕೂತರು. ನಾಲ್ಕನೇ ಸಲ ಮ್ಯಾನೇಜರೇ ಬರಲಿಲ್ಲ, ಮ್ಯಾಜಿಸ್ಟ್ರೇಟು ಬಿಟ್ಟುಬಿಟ್ಟ. ಅದರಲ್ಲಿ ಲಾಯರದ್ದೇನು? ಮಾತಾಡದ ಲಾಯರಿಗೆ ಗೋಡೆ ಯಾಕೆ?"

ದುಲಾರಿ ತಲೆ ತಗ್ಗಿಸಿದರು. ನನಗೆ ಬಿಸ್ರಾಮ್ ಮೇಷ್ಟ್ರ ಮಾತೇ ನ್ಯಾಯ ಎನಿಸಿತು. ಹೇಳಲಿಲ್ಲ, ದುಲಾರಿ ಮನೆಯ ಅನ್ನ ಉಂಡಿದ್ದೆ. ಎರಡು ವಾರ ಬಿಟ್ಟು ಭಾನುವಾರ ಕಮಿಟಿಯ ಕೊನೆಯ ಸಭೆ, ಏನಾದರೂ ಕಾಗದ ಪತ್ರ ಇದ್ದರೆ ತನ್ನಿ ಎಂದರು ಮೇಷ್ಟ್ರು.

ಬೇಸ್‌ಮೆಂಟಿನ ಪೆಟ್ಟಿಗೆ

ಕಾಗದ ಪತ್ರ ಇದ್ದವು. ಸಹನಾಳ ಮಂಚದ ಪಕ್ಕದಲ್ಲೇ, ಬಟ್ಟೆ ಒಗೆಯುವ ಮಿಷನ್ನಿನ ಹಿಂದೆ, ಒಂದು ತಗಡಿನ ಪೆಟ್ಟಿಗೆ. ಅದರ ಮೇಲೆ ಅವಳು ಇಷ್ಟು ದಿನ ಇಸ್ತ್ರಿ ಪೆಟ್ಟಿಗೆ ಇಡುತ್ತಿದ್ದಳು.

ತೆಗೆದು ನೋಡಿದರೆ ವಕೀಲರ ಡೈರಿಗಳು, ಹನ್ನೊಂದು. ನನಗೆ ತವರಿನವರು ಸಿಕ್ಕಿದ ಹಾಗಾಯಿತು. ದಿನಕ್ಕೊಂದು ಪುಟ. ಎಡಕ್ಕೆ ಹಿಂದಿನ ತಾರೀಖು, ನಡುವೆ ಕೇಸು, ಬಲಕ್ಕೆ ಮುಂದಿನ ತಾರೀಖು. ಮಂಡ್ಯದ ಯಾವ ವಕೀಲರ ಕಂಕುಳಿಂದ ಕಿತ್ತುಕೊಂಡರೂ ಇದೇ ಡೈರಿ.

"ನಾನು ಇವನ್ನು ಮೂರು ಸಲ ಓದಿದ್ದೀನಿ," ಎಂದರು ದುಲಾರಿ. "ಮೊದಲ ಪುಟದಿಂದ ಕೊನೇ ಪುಟದವರೆಗೆ. ಎಲ್ಲಿ ನೋಡಿದರೂ ವಾಯಿದೆ, ವಾಯಿದೆ, ವಾಯಿದೆ. ಮೂರನೇ ಸಲ ಅತ್ತುಬಿಟ್ಟೆ."

ನನಗೆ ಆಗ ಹೊಳೆಯಿತು. ಅವರು ಡೈರಿಯನ್ನು ಕಾದಂಬರಿಯ ಹಾಗೆ ಓದಿದ್ದರು. ವಕೀಲರ ಡೈರಿಯನ್ನು ಹಾಗೆ ಓದಿದರೆ ದೇವರೇ ಬರೆದಿದ್ದರೂ ಅಳುವೇ ಬರುತ್ತದೆ. ಅದನ್ನು ಓದಬೇಕಾದದ್ದು ಕೇಸಿನ ಹಿಂದೆ ಹೋಗಿ. ಒಂದು ಕೇಸು ಹಿಡಿ, ಮುಂದಿನ ತಾರೀಖು ನೋಡು, ನೇರ ಆ ಪುಟಕ್ಕೆ ಹಾರು, ಅಲ್ಲಿ ಮತ್ತೆ ಮುಂದಿನ ತಾರೀಖು, ಮತ್ತೆ ಹಾರು, ಕೇಸು ಮುಗಿಯುವವರೆಗೂ ಬಿಡಬೇಡ. ಬೆಂಚ್ ಕ್ಲರ್ಕಿಗೆ ಇದು ಉಸಿರಾಟ. ಉಳಿದವರಿಗೆ ಯಾಕೆ ಗೊತ್ತಿರಬೇಕು?

ಸಹನಾ ಲ್ಯಾಪ್‌ಟಾಪ್ ತೆರೆದು ಕೂತಳು. ನಾನು ಪುಟ ಹಾರುತ್ತಾ ಹೇಳಿದ್ದನ್ನು ಅವಳು ಸಾಲು ಸಾಲಾಗಿ ತುಂಬಿದಳು.

"ಅತ್ತೆ, ಇದು ನಮ್ ಶಿಪ್‌ಮೆಂಟ್ ಟ್ರ್ಯಾಕಿಂಗ್ ಥರಾನೇ ಅದೆ. ಬಾಕ್ಸು ಎಲ್ಲೆಲ್ಲಿ ನಿಂತ್ಕೊಂಡು ಎಲ್ಲಿ ಡೆಲಿವರಿ ಆಯ್ತು ಅಂತ."

"ಹ್ಞೂಂ, ಇಲ್ಲಿ ಬಾಕ್ಸಲ್ಲಿ ಮನುಷ್ಯ ಅವ್ನೆ."

ಮೂರು ದಿನ ಹಾಗೇ ನಡೆಯಿತು. ಕೇಸುಗಳೆಲ್ಲ ಒಂದೇ ತರಹ. ಕರಾರು ಕೂಲಿ ಕೆಲಸ ತಪ್ಪಿಸಿದರೆ ಅಲ್ಲಿ ಅದು ಅಪರಾಧ, ಜೈಲೂ ಆಗಬಹುದು. ದೂರು ಕೊಡುವವನು ತೋಟದ ಮ್ಯಾನೇಜರು. ವಿಚಾರಣೆ ಮಾಡುವ ಮ್ಯಾಜಿಸ್ಟ್ರೇಟು ಮಧ್ಯಾಹ್ನ ಊಟ ಮಾಡುವುದು ಅದೇ ಮ್ಯಾನೇಜರ ಬಂಗಲೆಯಲ್ಲಿ. ಶುರುವಿನ ಡೈರಿಯಲ್ಲಿ ಲಾಯರ್ ಆಜಾ ವಾದ ಮಾಡಿದ್ದರು. "ಒಂದು ಗಂಟೆ ವಾದಿಸಿದೆ. ಶಿಕ್ಷೆ." "ಎರಡು ಗಂಟೆ ವಾದಿಸಿದೆ. ಶಿಕ್ಷೆ." ಪುಟಪುಟಕ್ಕೂ ಅದೇ. ಎರಡನೇ ಡೈರಿಯ ನಡುವಿನಲ್ಲಿ ವಾದ ನಿಂತಿತು, ವಾಯಿದೆ ಶುರುವಾಯಿತು. ಆಮೇಲೆ ಹಿಡಿದ ಕೇಸುಗಳಲ್ಲಿ ಬಹಳಷ್ಟು ಒಂದೇ ರೀತಿ ಮುಗಿದಿದ್ದವು: "ಮ್ಯಾನೇಜರ್ ಗೈರುಹಾಜರು. ಆಳು ಬಿಡುಗಡೆ."

ಮ್ಯಾನೇಜರುಗಳೆಲ್ಲ ಕೊನೆಯ ದಿನವೇ ಯಾಕೆ ತಪ್ಪಿಸಿಕೊಳ್ಳುತ್ತಿದ್ದರು? ಸಹನಾ ಕೊನೆಯ ತಾರೀಖುಗಳನ್ನೆಲ್ಲ ಒಟ್ಟಿಗೆ ಜೋಡಿಸಿ ಲ್ಯಾಪ್‌ಟಾಪ್ ನನ್ನತ್ತ ತಿರುಗಿಸಿದಳು. ಬೇರೆ ಬೇರೆ ವರ್ಷ, ಆದರೆ ಅದೇ ಎರಡು ಮೂರು ತಿಂಗಳು.

"ದುಲಾರಿ, ಈ ತಿಂಗಳಲ್ಲಿ ನಿಮ್ಮೂರಲ್ಲಿ ಏನಾಗುತ್ತೆ?"

"ಕಬ್ಬು ಕಡಿತಾರೆ. ಕಾರ್ಖಾನೆ ಶುರುವಾಗುತ್ತೆ."

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಮಂಡ್ಯದವಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕೋರ್ಟಿನಲ್ಲೂ ಕಬ್ಬು ಅರೆಯುವ ಕಾಲದಲ್ಲಿ ಅರ್ಧ ಜನ ಬರುವುದಿಲ್ಲ. "ಕಟಿಂಗ್ ಆರ್ಡರ್ ಬಂದದೆ ಕನಮ್ಮಾವ್ರೆ, ಡೇಟ್ ಕೊಡ್ಸಿ" ಎಂದು ನನ್ನ ಮೇಜಿನ ಮುಂದೆ ನಿಂತು ಗೋಗರೆದವರಿಗೆ ಲೆಕ್ಕವಿಲ್ಲ. ಕಡಿದ ಕಬ್ಬು ಕಾಯುವುದಿಲ್ಲ, ಒಂದು ದಿನ ತಡವಾದರೂ ತೂಕ ಹೋಯಿತು, ರಸ ಹೋಯಿತು. ಆ ಕಾಲದಲ್ಲಿ ತೋಟದ ಮ್ಯಾನೇಜರು ಒಬ್ಬ ಕೂಲಿಯ ಕೇಸಿಗೆಂದು ದಿನಪೂರ್ತಿ ಕೋರ್ಟಿನ ಬೆಂಚಿನ ಮೇಲೆ ಕೂರುತ್ತಾನೆಯೇ? ದೂರು ಕೊಟ್ಟವನೇ ಬಾರದಿದ್ದರೆ ಕೇಸು ವಜಾ. ಲಾಯರ್ ಆಜಾ ಬಾಯಿ ಮುಚ್ಚಿಕೊಂಡು ಕೇಸನ್ನು ತಾರೀಖಿನಿಂದ ತಾರೀಖಿಗೆ ತಳ್ಳಿ ತಳ್ಳಿ ಕಬ್ಬಿನ ಗದ್ದೆಯ ಅಂಚಿಗೆ ತಂದು ನಿಲ್ಲಿಸುತ್ತಿದ್ದರು. ತಾಳಿದವನು ಬಾಳಿಯಾನು ಎನ್ನುವುದನ್ನು ಹೀಗೂ ಬಳಸಬಹುದೆಂದು ನನಗೆ ಗೊತ್ತಿರಲಿಲ್ಲ. ಒಂದು ಸಲ ಹಾಗಾದರೆ ಅದೃಷ್ಟ ಎನ್ನೋಣ. ಹತ್ತಾರು ಸಲ ಆದರೆ ಅದು ವಕೀಲಿಕೆ.

ಪೆಟ್ಟಿಗೆಯ ತಳದಲ್ಲಿ ಕೌನ್ಸಿಲಿನ ಅಚ್ಚಾದ ನಡಾವಳಿಗಳೂ ಸಿಕ್ಕವು. ಸಭೆ ಸೇರಿದಾಗಲೆಲ್ಲ ಲಾಯರ್ ಆಜಾ ಒಂದೇ ಪ್ರಶ್ನೆ ಕೇಳಿದ್ದರು: ಕೂಲಿಯ ಮೇಲಿನ ಆರೋಪವನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಲಾಗುತ್ತಿದೆಯೇ? ಪರಿಶೀಲಿಸಲಾಗುವುದು ಎಂದು ಪ್ರತಿಸಲವೂ ಉತ್ತರ. ಇಲ್ಲಿ ವಾಯಿದೆ ಹಾಕಿದ್ದು ಸರ್ಕಾರ.

"ಮ್ಯಾಜಿಸ್ಟ್ರೇಟ್ ಆದ ಮೇಲೆ ಅವರು ಮ್ಯಾನೇಜರುಗಳಿಗೆ ಒಂದು ದಿನದ ವಾಯಿದೆಯನ್ನೂ ಕೊಡ್ತಿರಲಿಲ್ಲ ಅಂತ ನಮ್ಮಪ್ಪ ಹೇಳ್ತಿದ್ದರು," ಎಂದರು ದುಲಾರಿ. "ಯಾಕೆ ಅಂತ ನಮಗ್ಯಾರಿಗೂ ಅರ್ಥ ಆಗಿರಲಿಲ್ಲ."

ಆಮೇಲೆ ಅವರು ನಕ್ಕರು. ನಕ್ಕು ನಕ್ಕು ಮಿಷನ್ನಿನ ಮೇಲೆ ಕೈಯೂರಿ ನಿಂತರು. ಆ ನಗು ನೋಡಿ ನನಗೆ ಆದ ಸಂತೋಷ ರಿಟೈರಾದ ದಿನ ಹಾರ ಹಾಕಿದಾಗಲೂ ಆಗಿರಲಿಲ್ಲ.

ವುಡ್‌ಬ್ರಿಡ್ಜ್: ಕೊನೆಯ ಸಭೆ

ಎರಡು ವಾರ ಬಿಟ್ಟು ಭಾನುವಾರ, ಊಟದ ನಂತರ ಸಭೆ. ಮೇಜಿನ ಒಂದು ಬದಿ ಕಮಿಟಿಯವರು, ಇನ್ನೊಂದು ಬದಿ ನಾವು ಮೂವರು, ನಡುವೆ ಹನ್ನೊಂದು ಡೈರಿ. ಕುತೂಹಲಕ್ಕೆ ಬಡಿಸುವ ಹೆಂಗಸರೂ ಸೌಟು ಹಿಡಿದೇ ಬಂದು ನಿಂತಿದ್ದರು. ನಾನು ನನ್ನ ಇಂಗ್ಲಿಷಿನಲ್ಲಿ, ಸಹನಾ ತನ್ನ ಇಂಗ್ಲಿಷಿನಲ್ಲಿ, ಕಬ್ಬಿನ ಕಥೆಯನ್ನೆಲ್ಲ ಬಿಡಿಸಿ ಹೇಳಿದೆವು.

ಬಿಸ್ರಾಮ್ ಮೇಷ್ಟ್ರು ಅಲುಗಲಿಲ್ಲ. "ಮ್ಯಾನೇಜರು ಬರಲಿಲ್ಲ ಅಂತ ನಾನೂ ಹೇಳಿದೆ. ಲಾಯರು ಅದನ್ನು ಮೊದಲೇ ಎಣಿಸಿದ್ದರು ಅನ್ನೋದಕ್ಕೆ ಏನು ಸಾಕ್ಷಿ?"

ಒಳ್ಳೆಯ ಪ್ರಶ್ನೆ. ನನಗೆ ಅವರ ಮೇಲೆ ಗೌರವ ಹೆಚ್ಚಿತು.

"ನಿಮ್ಮ ಆಜಾ ಹೆಸರು ಹೇಳಿ," ಎಂದೆ.

"ಝಗರೂ."

ಆ ಹೆಸರನ್ನು ನಾವು ಮೊದಲೇ ಹುಡುಕಿರಲಿಲ್ಲ. ಮೇಷ್ಟ್ರನ್ನು ಅವರ ಅಜ್ಜನ ಹೆಸರು ಕೇಳಿಕೊಳ್ಳಬೇಕೆಂಬ ಬುದ್ಧಿ ನಮಗೆ ಬಂದಿರಲಿಲ್ಲ. ಎಲ್ಲರೂ ಒಂದೊಂದು ಡೈರಿ ಎತ್ತಿಕೊಂಡು ಹುಡುಕಿದರು. ಐದನೆಯದರಲ್ಲಿ ಒಬ್ಬ ಸೌಟಿನ ಹೆಂಗಸಿಗೆ ಸಿಕ್ಕಿತು. ಝಗರೂ, ಮೂರು ದಿನ ಗೈರು. ವಾಯಿದೆ. ನಾನು ಹಾರಿದೆ. ಝಗರೂ, ವಾಯಿದೆ. ಮತ್ತೆ ಹಾರಿದೆ. ಮೂರನೇ ಪುಟದಲ್ಲಿ ವಾಯಿದೆಯ ಪಕ್ಕ, ಅಂಚಿನಲ್ಲಿ, ಕಣ್ಣಿಗೆ ಬೀಳದಷ್ಟು ಸಣ್ಣ ಅಕ್ಷರದಲ್ಲಿ ಎರಡು ಸಾಲು ಇದ್ದವು. ಡೈರಿಯನ್ನು ಮೇಷ್ಟ್ರ ಕಡೆ ತಿರುಗಿಸಿ ಓದಿ ಎಂದೆ.

ಅವರು ಕನ್ನಡಕ ಏರಿಸಿ ಓದಿದರು. "ಕಾರ್ಖಾನೆ ಸೋಮವಾರ ಶುರು. ಮಂಗಳವಾರಕ್ಕೆ ಕೇಳಿದೆ, ಸಿಕ್ಕಿತು. ಝಗರೂ ಬೇಸರದಲ್ಲಿದ್ದಾನೆ. ಅವನಿಗೆ ಹೇಳುವಂತಿಲ್ಲ, ತೋಟದಲ್ಲಿ ಬಾಯಿ ಬಿಟ್ಟಾನು."

ನಾಲ್ಕನೇ ಪುಟ ನಾನೇ ಓದಿದೆ. "ಮಂಗಳವಾರ. ಮ್ಯಾನೇಜರನ್ನು ಮೂರು ಸಲ ಕೂಗಿಸಿದರು. ಗೈರುಹಾಜರು. ಝಗರೂ ಬಿಡುಗಡೆ. ನನಗೆ ನಮಸ್ಕಾರವನ್ನೂ ಮಾಡದೆ ಹೋದ. ಇರಲಿ, ಮನೆಗೆ ಹೋದನಲ್ಲ."

ಬಿಸ್ರಾಮ್ ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ನಮ್ಮ ಆಜಾ ಸಾಯೋವರೆಗೂ ಇವರನ್ನು ಬೈದ," ಎಂದರು. "ನಾವೂ ಬೈದೆವು." ಆಮೇಲೆ ಗಂಟಲು ಸರಿಮಾಡಿಕೊಂಡು, ಅಧ್ಯಕ್ಷರ ದನಿಯಲ್ಲಿ, "ಸರಿ, ಫೋಟೋ ವಿಷಯ ಮುಂದಿನ ತಿಂಗಳ ಸಭೆಗೆ ಇಟ್ಟುಕೊಳ್ಳೋಣ," ಎಂದರು.

ದುಲಾರಿ ಎದ್ದು ನಿಂತರು. "ವಾಯಿದೆ ಇಲ್ಲ ಮೇಷ್ಟ್ರೇ. ಇವತ್ತೇ."

ಸಭೆಗೆ ಸಭೆಯೇ ನಕ್ಕಿತು, ಮೇಷ್ಟ್ರೂ ನಕ್ಕರು. ದುಲಾರಿ ಕಾರಿನ ಡಿಕ್ಕಿಯಿಂದ ಫೋಟೋ ತಂದರು. ಸುತ್ತಿಗೆ ಬೇರೆಯವರಿಗೆ ಕೊಡಲು ಮೇಷ್ಟ್ರು ಒಪ್ಪಲಿಲ್ಲ, ತಾವೇ ಕುರ್ಚಿ ಹತ್ತಿದರು. ಮೊಳೆ ಸೊಟ್ಟಗಾಯಿತು, ಇನ್ನೊಂದು ಹೊಡೆದರು. ಮೀಸೆ ಗೋಡೆಗೇರಿತು. ಆಗ ದುಲಾರಿ ನನ್ನ ಕಡೆ ತಿರುಗಿ, ಕೋರ್ಟಿನಲ್ಲಿ ನೀವು ಹೇಗೆ ಕೂಗಿಸುತ್ತಿದ್ದಿರಿ, ಒಂದು ಸಲ ಕೂಗಿ ಎಂದರು.

ಕೂಗುವುದು ಕೋರ್ಟಿನ ಬಾಗಿಲಲ್ಲಿ ನಿಲ್ಲುವ ದಲಾಯತನ ಕೆಲಸ, ಶಿರಸ್ತೇದಾರರದ್ದಲ್ಲ. ಆದರೂ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಗಿಲಿಗೆ ಹೋಗಿ ನಿಂತು, ಟೈಲ್ಸ್ ಕಾರ್ಖಾನೆಗೂ ಕೇಳುವ ಹಾಗೆ ಮ್ಯಾನೇಜರನ್ನು ಮೂರು ಸಲ ಕೂಗಿದೆ. ಯಾರೂ ಓಗೊಡಲಿಲ್ಲ. ಮಕ್ಕಳು ಚಪ್ಪಾಳೆ ತಟ್ಟಿದರು. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಮ್ಮ ಪದ್ಧತಿಯಲ್ಲಿ ಇಬ್ಬರು ಕಕ್ಷಿಗಾರರನ್ನೂ ಕರೆಯದಿದ್ದರೆ ಕೇಸು ಮುಗಿಯುವುದಿಲ್ಲ.

"ಝಗರೂ," ಎಂದು ಕೂಗಿದೆ. "ಝಗರೂ. ಝಗರೂ."

ಬಿಸ್ರಾಮ್ ಮೇಷ್ಟ್ರು ಇನ್ನೂ ಕುರ್ಚಿಯ ಮೇಲೇ ಇದ್ದರು. ಸುತ್ತಿಗೆಯನ್ನು ಕಂಕುಳಲ್ಲಿ ಇರುಕಿಕೊಂಡು, ಫೋಟೋದ ಕಡೆ ತಿರುಗಿ ಎರಡೂ ಕೈ ಜೋಡಿಸಿದರು.

"ಬಂದಿದ್ದೀನಿ ಸಾಹೇಬ್ರೇ," ಎಂದರು. "ನಮಸ್ಕಾರ ಮಾಡಕ್ಕೆ ಬಂದಿದ್ದೀನಿ."